ಮೀಟರ್ ಓಡದಿದ್ದರೂ ಶಾಕ್ಸ್ ಸೋರುವುದೇಕೆ?

(ಕೊಕ್ಕರೆ ಬೆಳ್ಳೂರಿನಲ್ಲಿ ರೈತ ಬಂಧುಗಳ ಮುಂದೆ ಮಾಡಿದ ಭಾಷಣ)



ಈ ದಿನ ಬಿತ್ತನೆ, ಗೊಬ್ಬರ, ಹಾಲಿನ ಹಸುಗಳ ವಿಷಯ ಬಿಟ್ಟು, ನಿಮ್ಮ ಮನೆಯ ಮುಂದೆ ನಿಂತಿರುವ ಎರಡು ಚಕ್ರದ ಗಾಡಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನೇಗಿಲು ಕುಡುಗೋಲುಗಳಂತೆ ಈಗ ಅದೂ ಬೇಸಾಯದ ಉಪಕರಣವೇ ಆಗಿದೆ. ಬೆಳಗಾದರೆ ಹಾಲಿನ ಕ್ಯಾನು ಡೇರಿಗೆ ಹೋಗುವುದು ಅದರ ಮೇಲೆ. ಗದ್ದೆಯಿಂದ ಹುಲ್ಲಿನ ಹೊರೆ, ತೋಟದಿಂದ ಹಿಪ್ಪುನೇರಳೆ ಸೊಪ್ಪು ಮನೆಗೆ ಬರುವುದು ಅದರ ಮೇಲೆ. ಮದ್ದೂರಿನ ಎಳನೀರು ಮಾರುಕಟ್ಟೆಗೂ ಆಸ್ಪತ್ರೆಗೂ ಮಕ್ಕಳ ಶಾಲೆಗೂ ಅದೇ ಬೇಕು. ಹೀಗಿರುವಾಗ ಎತ್ತಿನ ಗೊರಸು ನೋಡುವಷ್ಟೇ ಶ್ರದ್ಧೆಯಿಂದ ಗಾಡಿಯ ಕಾಲನ್ನೂ ನೋಡಬೇಡವೆ?

ಹಳ್ಳಿಗಳಲ್ಲಿ ರೈತರು ಕೇಳುವ ಪ್ರಶ್ನೆಯೊಂದಿದೆ. "ಸ್ವಾಮಿ, ಗಾಡಿ ತಂದು ನಾಲ್ಕು ವರ್ಷವಾಯಿತು. ಮೀಟರ್ ಇನ್ನೂ ಆರು ಸಾವಿರ ಮುಟ್ಟಿಲ್ಲ. ಆಗಲೇ ಮುಂದಿನ ಶಾಕ್ಸ್‌ನಿಂದ ಎಣ್ಣೆ ಸೋರುತ್ತಿದೆ. ಓಡದ ಗಾಡಿ ಹೀಗೇಕೆ ಕೆಟ್ಟಿತು? ಮಾಲೇ ಕಳಪೆಯೆ?" ಎಂದು. ಕೆಲವೊಮ್ಮೆ ಮಾಲು ಕಳಪೆಯಾಗಿರಲೂಬಹುದು. ಆದರೆ ಹೆಚ್ಚಿನ ವೇಳೆ ಕಾರಣ ಬೇರೆ. ಒಂದು ಮಾತನ್ನು ಮನಸ್ಸಿನಲ್ಲಿಡಿ: ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಅದು ಗುಂಡಿಗಳನ್ನು ಎಣಿಸುವುದಿಲ್ಲ, ಧೂಳನ್ನು ಎಣಿಸುವುದಿಲ್ಲ, ಗಾಡಿ ನಿಂತ ದಿನಗಳನ್ನೂ ಎಣಿಸುವುದಿಲ್ಲ. ಶಾಕ್ಸ್ ಕೆಡುವುದು ಈ ಮೂರರಿಂದಲೇ.

ಶಾಕ್ಸ್ ಮಾಡುವ ಕೆಲಸ

ಹಿಂದಿನ ಜಟಕಾ ಗಾಡಿಗೆ ಕಮಾನು ಪಟ್ಟಿಗಳಿದ್ದುದನ್ನು ಹಿರಿಯರು ನೋಡಿರುತ್ತೀರಿ. ಗುಂಡಿ ಬಂದಾಗ ಪಟ್ಟಿ ಬಗ್ಗಿ ಪೆಟ್ಟನ್ನು ತಾನು ತಿನ್ನುತ್ತಿತ್ತು. ಆದರೆ ಬಗ್ಗಿದ ಪಟ್ಟಿ ಮತ್ತೆ ಚಿಮ್ಮುತ್ತದೆ, ಮತ್ತೆ ಬಗ್ಗುತ್ತದೆ. ಗಾಡಿ ತೊಟ್ಟಿಲಿನಂತೆ ತೂಗುತ್ತದೆ. ಕುದುರೆಯ ನಡಿಗೆಗೆ ಅಷ್ಟು ತೂಗಿದರೂ ನಡೆಯುತ್ತದೆ. ಮೋಟಾರಿನ ವೇಗಕ್ಕೆ ನಡೆಯುವುದಿಲ್ಲ. ಚಿಮ್ಮುವ ಸ್ಪ್ರಿಂಗನ್ನು ತಡೆದು ನಿಲ್ಲಿಸುವ ಇನ್ನೊಂದು ಸಾಧನ ಬೇಕು. ಅದೇ ಶಾಕ್ ಅಬ್ಸಾರ್ಬರ್.

ಅದರ ಗುಟ್ಟು ಸರಳವಾದುದು. ಕೊಳವೆಯೊಂದರಲ್ಲಿ ಎಣ್ಣೆಯಿದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಆ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕಾಗುತ್ತದೆ. ತುಂಬಿದ ಬಿಂದಿಗೆಯನ್ನು ಬೋರಲು ಹಾಕಿದರೆ ನೀರು ಒಂದೇ ಸಲ ಬೀಳದೆ ಗುಳುಗುಳು ಎಂದು ತಡೆತಡೆದು ಬರುವುದಿಲ್ಲವೆ? ಹಾಗೆಯೇ ಎಣ್ಣೆಯೂ ತಡೆತಡೆದು ಹೋಗುತ್ತದೆ. ಆ ತಡೆಯೇ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಭಾರ ಹೊರುವುದು ಸ್ಪ್ರಿಂಗು, ಕುಣಿತ ನಿಲ್ಲಿಸುವುದು ಎಣ್ಣೆ. ಎಣ್ಣೆ ಹೋದರೆ ಗಾಡಿ ಕುಸಿದು ಬೀಳುವುದಿಲ್ಲ. ಅದರಿಂದಲೇ ನಾವು ಮೋಸ ಹೋಗುವುದು. ಗಾಡಿ ನಿಂತಿದೆ, ಓಡುತ್ತಿದೆ, ಇನ್ನೇನು ಎಂದುಕೊಳ್ಳುತ್ತೇವೆ.

ಮೋಟಾರ್ ಸೈಕಲ್ಲಿಗೆ ಇಂಥ ಎಣ್ಣೆ ತುಂಬಿದ ಮುಂದಿನ ಫೋರ್ಕನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರಾಟಕ್ಕೆ ತಂದವರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯವರು ಮೊದಲಿಗರು, ಅದು 1935ರ ಮಾತು. ನಮ್ಮ ಮೈಸೂರಿನ ಕಾರ್ಖಾನೆಯಿಂದ 1960ರ ದಶಕದಿಂದ ಮೊದಲಾಗಿ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಗಾಡಿಗಳಲ್ಲೂ ಇದೇ ಬಗೆಯ ಫೋರ್ಕುಗಳಿದ್ದವು. ಇಂದಿನ ಗಾಡಿಗಳಲ್ಲಿ ಹೆಚ್ಚಿನವುಗಳ ಮುಂಗಾಲು ಅದೇ ತತ್ವದ್ದು.

ಆ ಮುಂಗಾಲಿನಲ್ಲಿ ಎರಡು ಕೊಳವೆಗಳು ಒಂದರೊಳಗೊಂದು ಜಾರುತ್ತವೆ. ಒಳಗಿನದು ಹೊಳೆಯುವ ಕ್ರೋಮ್ ಲೇಪದ್ದು. ಎರಡೂ ಸೇರುವ ಕಡೆ ಒಂದು ರಬ್ಬರಿನ ಬಳೆಯಿದೆ. ಅದರ ತುಟಿ ಹೊಳೆಯುವ ಕೊಳವೆಯನ್ನು ಬಿಗಿಯಾಗಿ ಅಪ್ಪಿಕೊಂಡು ಎಣ್ಣೆಯನ್ನು ಒಳಗೇ ಹಿಡಿದಿಡುತ್ತದೆ. ಇದೇ ಆಯಿಲ್ ಸೀಲ್. ಅದರ ಮೇಲೆ ಧೂಳು ತಡೆಯಲು ಇನ್ನೊಂದು ರಬ್ಬರ್ ಟೋಪಿಯಿರುತ್ತದೆ, ಅದು ಡಸ್ಟ್ ಸೀಲ್. ಸೋರುವುದೆಂದರೆ ಈ ತುಟಿ ತನ್ನ ಹಿಡಿತ ಬಿಟ್ಟಿತು ಎಂದರ್ಥ.

ಓಡದ ಗಾಡಿ ಏಕೆ ಸೋರುತ್ತದೆ?

ಮೊದಲನೆಯ ಕಾರಣ, ನಿಂತು ನಿಂತು ಒಣಗುವುದು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಗಾಡಿ ಜಗುಲಿಯ ಪಕ್ಕ ಆರು ತಿಂಗಳು ನಿಂತಿತು. ಓಡುವ ಗಾಡಿಯಲ್ಲಿ ಕೊಳವೆಯ ಮೇಲೆ ತೆಳುವಾದ ಎಣ್ಣೆಯ ಪೊರೆ ಸದಾ ಇದ್ದು ತುಟಿಯನ್ನು ಮೆತ್ತಗಿಡುತ್ತದೆ. ನಿಂತ ಗಾಡಿಯಲ್ಲಿ ಆ ಪೊರೆ ಆರಿಹೋಗುತ್ತದೆ. ರಬ್ಬರು ಒಂದೇ ಕಡೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ರಬ್ಬರಿಗೆ ವಯಸ್ಸಾಗುವುದು ಕಿಲೋಮೀಟರಿನಿಂದಲ್ಲ, ವರ್ಷಗಳಿಂದ ಮತ್ತು ಬಿಸಿಲಿನಿಂದ.

ಎರಡನೆಯ ಕಾರಣ, ಕೊಳವೆಯ ಮೇಲಿನ ತುಕ್ಕು. ಕ್ರೋಮ್ ಲೇಪ ಬಹಳ ತೆಳು. ಇಬ್ಬನಿ, ಮಳೆ, ಕೆಸರು, ರಸಗೊಬ್ಬರದ ಪುಡಿ ಅದರ ಮೇಲೆ ಕುಳಿತರೆ ಸೂಜಿ ಮೊನೆಯಷ್ಟು ತುಕ್ಕಿನ ಚುಕ್ಕೆ ಏಳುತ್ತದೆ. ನಿಂತ ಗಾಡಿಯನ್ನು ಹಬ್ಬಕ್ಕೆಂದು ಹೊರತೆಗೆದು ಒಂದು ಗುಂಡಿ ಹಾರಿಸಿದರೆ ಸಾಕು, ಆ ಚುಕ್ಕೆಯ ಅಂಚು ರಬ್ಬರಿನ ತುಟಿಯನ್ನು ಗರಗಸದಂತೆ ಕೊಯ್ಯುತ್ತದೆ.

ಇಲ್ಲಿ ಈ ಊರಿಗೇ ಸೇರಿದ ಒಂದು ಮಾತಿದೆ. ಡಿಸೆಂಬರ್, ಜನವರಿಯ ಹೊತ್ತಿಗೆ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು ನಿಮ್ಮ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಬೇಸಿಗೆ ಕಳೆಯುವವರೆಗೂ ಮರದಡಿಯೆಲ್ಲ ಹಿಕ್ಕೆಯಿಂದ ಬಿಳುಪಾಗಿರುತ್ತದೆ. ಆ ಹಿಕ್ಕೆ ಹೊಲಕ್ಕೆ ಬಂಗಾರ. ಮರದಡಿ ಗುಂಡಿ ತೆಗೆದು, ಕೆರೆಯ ಗೋಡಿನೊಡನೆ ಬೆರೆಸಿ ಗೊಬ್ಬರ ಮಾಡುವುದನ್ನು ನಿಮ್ಮ ಹಿರಿಯರೇ ಕಂಡುಕೊಂಡರು. ಆದರೆ ಹೊಲಕ್ಕೆ ಬಂಗಾರವಾದುದು ಲೋಹಕ್ಕೆ ವಿಷ. ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ಅದರೊಡನೆ ಲವಣಗಳೂ ಇರುತ್ತವೆ. ಬಿಸಿಲಿಗೆ ಒಣಗಿ ಇಬ್ಬನಿಗೆ ನೆನೆಯುತ್ತ ಅದು ಬಣ್ಣವನ್ನೂ ಕ್ರೋಮನ್ನೂ ತಿನ್ನುತ್ತದೆ. ನೆರಳಿದೆಯೆಂದು ಗಾಡಿಯನ್ನು ಆ ಮರದಡಿಯೇ ನಿಲ್ಲಿಸಿದರೆ ಮುಂಗಾಲಿಗೆ ಆಯುಷ್ಯ ಕಡಮೆ.

ಇದರಿಂದ ಹಕ್ಕಿಗಳ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಅವನ್ನು ಕಾಪಾಡಿಕೊಂಡು ಬಂದ ಊರು ಇದು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾದ ಊರು. ಗೂಡು ಮೊದಲಿನಿಂದ ಇತ್ತು, ಗಾಡಿ ಆಮೇಲೆ ಬಂತು. ಸರಿಯಬೇಕಾದುದು ಗಾಡಿಯೇ.

ಮೂರನೆಯ ಕಾರಣ, ಧೂಳು ಮತ್ತು ಒಣಗಿದ ಕೆಸರು. ಗದ್ದೆ ಬದುವಿನ ದಾರಿ, ಕಾಲುವೆ ಏರಿ, ಶಿಂಷಾ ಹೊಳೆಯ ಕಡೆಯ ಮರಳು ದಾರಿಗಳಲ್ಲಿ ಓಡಿದ ಗಾಡಿಯ ಡಸ್ಟ್ ಸೀಲಿನ ಅಡಿ ಕೆಸರು ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ಅದು ಉಪ್ಪುಕಾಗದದಂತೆ ಉಜ್ಜುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ರಭಸದ ನೀರನ್ನು ನೇರವಾಗಿ ಸೀಲಿಗೆ ಹಿಡಿದರೆ ಮರಳು ಇನ್ನೂ ಒಳಕ್ಕೆ ಹೋಗುತ್ತದೆ.

ನಾಲ್ಕನೆಯ ಕಾರಣ, ಭಾರ. ದಿನಕ್ಕೆ ಡೇರಿಗೂ ಗದ್ದೆಗೂ ಸೇರಿ 4 ಕಿ.ಮೀ. ಓಡಿದರೆ ವರ್ಷಕ್ಕೆ ಆಗುವುದು 1,460 ಕಿ.ಮೀ. ನಾಲ್ಕು ವರ್ಷಕ್ಕೆ 5,840. ಮೀಟರ್ ನೋಡಿದವರು ಹೊಸ ಗಾಡಿ ಎನ್ನುತ್ತಾರೆ. ಆದರೆ ಆ ಒಂದೊಂದು ಕಿಲೋಮೀಟರೂ ಹೊರೆ ಹೊತ್ತು ಗುಂಡಿ ಹಾಯ್ದದ್ದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಎರಡು ಚಕ್ರದ ಗಾಡಿ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದ ಮೇಲೆ ನಮ್ಮವರ ಓಡಾಟವೆಲ್ಲ ಸರ್ವಿಸ್ ರಸ್ತೆಯಲ್ಲಿ. ಅಲ್ಲಿಯ ಉಬ್ಬುತಗ್ಗುಗಳ ಲೆಕ್ಕವೂ ಶಾಕ್ಸ್‌ನ ಮೇಲೆಯೇ ಬೀಳುತ್ತದೆ.

ಬೆವರೋ, ಸೋರಿಕೆಯೋ?

ಎಣ್ಣೆಯ ಗುರುತು ಕಂಡ ಕೂಡಲೇ ಹೌಹಾರಬೇಡಿ. ಕೊಳವೆಯ ಮೇಲೆ ಬೆರಳಿಗೆ ಅಂಟುವಷ್ಟು ತೆಳುವಾದ ಪೊರೆ ಇರುವುದು ಸಹಜ. ಅದನ್ನು ಬೆವರು ಎನ್ನೋಣ. ಎಣ್ಣೆ ಉಂಗುರದಂತೆ ದಪ್ಪವಾಗಿ ನಿಂತು, ಕೆಳಗಿನ ಕೊಳವೆಯ ಮೇಲೆ ಗೆರೆಯಾಗಿ ಇಳಿದರೆ ಅದು ಸೋರಿಕೆ.

ಪರೀಕ್ಷೆ ಹೀಗೆ. ಎರಡೂ ಕಾಲುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹತ್ತು ಸಲ ಬಲವಾಗಿ ಕೆಳಗೆ ಅದುಮಿ ಬಿಡಿ. ಉಂಗುರ ಮತ್ತೆ ಮೂಡಿತೆ, ನೋಡಿ. ಮೂಡದಿದ್ದರೆ ಮೂರು ನಾಲ್ಕು ದಿನ ಎಂದಿನಂತೆ ಓಡಿಸಿ ಮತ್ತೆ ನೋಡಿ. ಅದುಮಿ ಬಿಟ್ಟಾಗ ಗಾಡಿ ಒಂದು ಸಲ ಮೇಲೆದ್ದು ನೆಲೆ ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಎಣ್ಣೆ ತನ್ನ ಕೆಲಸ ಮಾಡುತ್ತಿಲ್ಲ.

ಒದ್ದೆಯಾಗಿರುವುದೆಲ್ಲ ಶಾಕ್ಸ್‌ನ ಎಣ್ಣೆಯಲ್ಲ ಎಂಬುದೂ ನೆನಪಿರಲಿ. ಹಿಂದಿನ ಶಾಕ್ಸ್ ಮೇಲೆ ಚೈನಿನ ಎಣ್ಣೆ ಸಿಡಿದಿರಬಹುದು. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಆಯಿಲ್ ಇಳಿದಿರಬಹುದು. ಹ್ಯಾಂಡಲಿನ ಬಳಿಯ ಡಬ್ಬಿಯಲ್ಲಿ ಅದರ ಮಟ್ಟ ಇಳಿದಿದ್ದರೆ ಅಂದೇ ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಅಲಕ್ಷ್ಯ ಮಾಡಿದರೆ

ಸೋರಿದ ಎಣ್ಣೆ ಕೆಳಗಿಳಿದು ಡಿಸ್ಕಿನ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಎಣ್ಣೆ ಕುಡಿದ ಬ್ರೇಕ್ ಪ್ಯಾಡನ್ನು ಒರೆಸಿ ಉಪಯೋಗವಿಲ್ಲ, ಬದಲಾಯಿಸಲೇಬೇಕು. ಟೈರಿಗೆ ತಗುಲಿದರೆ ತಿರುವಿನಲ್ಲಿ ಜಾರುತ್ತದೆ. ಎಣ್ಣೆ ಡಿಸ್ಕಿಗೆ ಬೀಳದಿದ್ದರೂ ಗಂಡಾಂತರ ತಪ್ಪಿದ್ದಲ್ಲ. ಕುಣಿಯುವ ಚಕ್ರ ನೆಲ ಬಿಡುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಾಕಿ ಫಲವೇನು? ಹಿಂದೆ ಎರಡು ಕ್ಯಾನು ಹಾಲು, ಮುಂದೆ ಮಗು, ಕತ್ತಲೆಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಆ ಹೊತ್ತಿನಲ್ಲಿ ನಾಲ್ಕು ಮಾರು ದೂರದ ವ್ಯತ್ಯಾಸವೇ ಜೀವ. ಆದುದರಿಂದ ಸೋರಿಕೆ ನಿಜವೆಂದು ಕಂಡ ದಿನದಿಂದ ದುರಸ್ತಿಯಾಗುವವರೆಗೆ ಹೊರೆ ಹೇರಬೇಡಿ, ರಾತ್ರಿ ಓಡಿಸಬೇಡಿ.

ದುರಸ್ತಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಮೊದಲು ಚಿಕ್ಕ ಉಪಾಯ ಮಾಡಿ ನೋಡೋಣ. ಮುಂಗಾಲನ್ನು ತೊಳೆದು ಒಣಗಿಸಿ, ಡಸ್ಟ್ ಸೀಲನ್ನು ಹುಷಾರಾಗಿ ಮೇಲಕ್ಕೆ ಸರಿಸಿ ಅಡಿಯ ಕೆಸರನ್ನು ಬಟ್ಟೆಯಿಂದ ತೆಗೆಯಿರಿ. ಮನೆಯಲ್ಲಿ ಹಳೆಯ ಎಕ್ಸ್‌ರೇ ಹಾಳೆ ಇದ್ದರೆ ಎರಡು ಬೆರಳು ಅಗಲದ ತುಂಡು ಕತ್ತರಿಸಿ, ಅಂಚು ನುಣುಪು ಮಾಡಿ, ಕೊಳವೆಗೂ ಆಯಿಲ್ ಸೀಲಿಗೂ ನಡುವೆ ಮೆಲ್ಲನೆ ತೂರಿಸಿ ಸುತ್ತಲೂ ಒಮ್ಮೆ ಎಳೆಯಿರಿ. ತುಟಿಯಡಿ ಸಿಕ್ಕ ಮರಳಿನ ಕಣ ಹೊರಬರುತ್ತದೆ. ಬ್ಲೇಡು, ಸ್ಕ್ರೂಡ್ರೈವರ್ ಖಂಡಿತ ಹಾಕಬಾರದು. ಕೊಳೆಯಿಂದ ಮಾತ್ರ ಸೋರುತ್ತಿದ್ದರೆ ಇಷ್ಟರಿಂದಲೇ ನಿಲ್ಲುವುದುಂಟು.

ನಿಲ್ಲದಿದ್ದರೆ ಸೀಲ್ ಬದಲಾಯಿಸಬೇಕು. ಮೆಕ್ಯಾನಿಕ್ಕಿನ ಹತ್ತಿರ ಈ ನಾಲ್ಕು ಮಾತು ಹೇಳಿ:

1. ಎರಡೂ ಕಾಲಿನ ಸೀಲುಗಳನ್ನು ಒಟ್ಟಿಗೆ ಹಾಕಿ. ಒಂದು ಒಣಗಿದ್ದರೆ ಇನ್ನೊಂದಕ್ಕೂ ಅಷ್ಟೇ ವಯಸ್ಸು.

2. ಸೀಲ್ ಹಾಕುವ ಮುಂಚೆ ಕೊಳವೆಯ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ತಗುಲದ ಸಣ್ಣ ಕಲೆಯಾದರೆ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಹೊಸ ಸೀಲು ಹಾಕಿಯೂ ವ್ಯರ್ಥ, ಕೆಲವೇ ದಿನಗಳಲ್ಲಿ ಅದೂ ಕೊಯ್ದು ಹೋಗುತ್ತದೆ. ಆಗ ಕೊಳವೆಗೆ ಮತ್ತೆ ಕ್ರೋಮ್ ಹಾಕಿಸಬೇಕು ಇಲ್ಲವೆ ಹೊಸದು ತರಬೇಕು.

3. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ, ಎರಡೂ ಕಾಲಿಗೆ ಒಂದೇ ಅಳತೆಯಲ್ಲಿ ಹಾಕಿ. ಹೆಚ್ಚು ಹಾಕಿದರೆ ಒಳ್ಳೆಯದೆಂಬುದು ಭ್ರಮೆ. ಒಳಗಿನ ಗಾಳಿ ಒತ್ತಡವಾಗಿ ಹೊಸ ಸೀಲನ್ನೇ ನೂಕುತ್ತದೆ.

4. ಬಿಚ್ಚಿದ ಹಳೆಯ ಸೀಲನ್ನು ನನಗೆ ಕೊಡಿ. ತುಟಿ ಹರಿದಿದೆಯೋ, ಗಟ್ಟಿಯಾಗಿದೆಯೋ ನೀವೇ ಕಣ್ಣಾರೆ ನೋಡಬಹುದು. ಹರಿದಿದ್ದರೆ ಕಾರಣ ಕೊಳವೆಯಲ್ಲಿದೆ. ಗಟ್ಟಿಯಾಗಿದ್ದರೆ ಕಾರಣ ನಿಲುಗಡೆಯಲ್ಲಿದೆ.

ಹಿಂದಿನ ಶಾಕ್ಸ್‌ನ ಮಾತು ಬೇರೆ. ಸಾಮಾನ್ಯ ಗಾಡಿಗಳಲ್ಲಿ ಅವು ಮುಚ್ಚಿ ಬೆಸೆದವು, ಸೋರಿದರೆ ಜೋಡಿಯಾಗಿ ಬದಲಾಯಿಸುವುದೇ ದಾರಿ. ಕೆಲವುಗಳಲ್ಲಿ ಒತ್ತಡದ ಅನಿಲ ತುಂಬಿರುತ್ತದೆ. ಅವನ್ನು ಕಾಯಿಸುವುದು, ಕೊರೆಯುವುದು, ಗುಜರಿಗೆಂದು ಕತ್ತರಿಸುವುದು ಪ್ರಾಣಾಪಾಯ. ಎಳನೀರು, ತರಕಾರಿ ಹೊರುವ ಪಿಕಪ್ ಗಾಡಿಗಳಿಗೂ ಇದೇ ನಿಯಮ: ಒಂದೇ ಅಚ್ಚಿನ ಎರಡೂ ಕಡೆಯವನ್ನು ಒಟ್ಟಿಗೆ ಹಾಕಿಸಿ, ನೋಂದಣಿ ಪತ್ರದಲ್ಲಿರುವ ತೂಕವನ್ನು ಮೀರಬೇಡಿ.

ವಾರಂಟಿ ಇದೆಯೆ?

ವಾರಂಟಿ ಪುಸ್ತಕದಲ್ಲಿ ಎರಡು ಅಂಕಿಗಳಿರುತ್ತವೆ: ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಕಡಮೆ ಓಡುವವರಿಗೆ ವರ್ಷವೇ ಮೊದಲು ಮುಗಿಯುತ್ತದೆ. ಆದುದರಿಂದ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ರಬ್ಬರ್ ಭಾಗಗಳನ್ನೂ ಸೀಲುಗಳನ್ನೂ ವಾರಂಟಿಯಿಂದ ಹೊರಗಿಟ್ಟಿರುವುದುಂಟು, ಓದಿಸಿ ನೋಡಿ. ವಾರಂಟಿಯೊಳಗೆ ಸೋರಿಕೆ ಕಂಡರೆ ಬೇರೆಡೆ ಬಿಚ್ಚಿಸುವ ಮುಂಚೆ ಫೋಟೋ ತೆಗೆದು, ಮಾರಿದವರ ಬಳಿ ಹೋಗಿ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಪಡೆಯಿರಿ. ಬಾಯಿಮಾತಿಗೆ ಸಾಕ್ಷಿಯಿಲ್ಲ.

ನ್ಯಾಯವಾದುದನ್ನು ಕೊಡದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆಯೋಗ ಮಂಡ್ಯದಲ್ಲೇ ಇದೆ.

ಬರದಂತೆ ತಡೆಯುವುದು

ಈಗ ಹೇಳುವುದಕ್ಕೆ ಕಾಸು ಖರ್ಚಿಲ್ಲ. ವಾರಕ್ಕೊಮ್ಮೆ ಗಾಡಿಯನ್ನು ಹತ್ತು ನಿಮಿಷ ಓಡಿಸಿ. ಓಡಿಸುವವರು ಊರಿನಲ್ಲಿ ಇಲ್ಲದಿದ್ದರೆ ಮನೆಯವರು ಯಾರಾದರೂ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹತ್ತು ಸಲ ಅದುಮಲಿ. ಕೊಳವೆಗೆ ಎಣ್ಣೆಯ ಪೊರೆ ಮತ್ತೆ ಬರುತ್ತದೆ. ಬಹುದಿನ ನಿಲ್ಲಿಸುವುದಾದರೆ ಡಬಲ್ ಸ್ಟ್ಯಾಂಡ್ ಹಾಕಿ, ಬಿಸಿಲು ಬೀಳದ ಕಡೆ ಬಟ್ಟೆ ಹೊದಿಸಿ ನಿಲ್ಲಿಸಿ.

ಗದ್ದೆಯಿಂದ ಬಂದ ಸಂಜೆ ಒಂದು ಚೊಂಬು ನೀರು, ಒಂದು ಒದ್ದೆ ಬಟ್ಟೆ ಸಾಕು. ಕೆಸರು ಹಸಿಯಿರುವಾಗಲೇ ಮುಂಗಾಲನ್ನು ಒರೆಸಿ. ಹಿಕ್ಕೆ ಬಿದ್ದಿದ್ದರೆ ಒಣಗಿದ್ದನ್ನು ಕೆರೆಯಬೇಡಿ, ಗೀರು ಬೀಳುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು ನೆನೆಸಿ, ತೊಳೆದು ಒರೆಸಿ. ಡೀಸೆಲ್, ಸೀಮೆಎಣ್ಣೆಗಳಲ್ಲಿ ಗಾಡಿ ಒರೆಸುವ ರೂಢಿ ಕೆಲವರಿಗಿದೆ. ಹೊಳಪೇನೋ ಬರುತ್ತದೆ, ಆದರೆ ಬುಷ್ ಮೊದಲಾದ ರಬ್ಬರುಗಳು ಉಬ್ಬಿ ಕೆಡುತ್ತವೆ. ಹಕ್ಕಿಗಳಿರುವ ತಿಂಗಳುಗಳಲ್ಲಿ ಮರದಿಂದ ಈಚೆ ಸೋಗೆಯದೋ ತಗಡಿನದೋ ಒಂದು ಚಪ್ಪರ ಹಾಕಿಕೊಂಡರೆ ಗಾಡಿಗೂ ಕ್ಷೇಮ, ಗೂಡಿಗೂ ಕ್ಷೇಮ.

ಇನ್ನೊಬ್ಬರಿಂದ ಹಳೆಯ ಗಾಡಿ ಕೊಳ್ಳುವವರಿಗೆ ಒಂದು ಮಾತು. "ಮೀಟರ್ ನೋಡಿ, ಬರೀ ಐದು ಸಾವಿರ" ಎಂದು ಮಾರುವವರು ಹೇಳುತ್ತಾರೆ. ನೀವು ಮೀಟರನ್ನು ಆಮೇಲೆ ನೋಡಿ. ಮೊದಲು ನೋಂದಣಿ ಪತ್ರದಲ್ಲಿ ತಯಾರಾದ ವರ್ಷ ನೋಡಿ, ಆಮೇಲೆ ಬಗ್ಗಿ ಮುಂಗಾಲಿನ ಹೊಳಪು ನೋಡಿ, ಹ್ಯಾಂಡಲನ್ನು ಅದುಮಿ ನೋಡಿ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ನಿಮಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಸೀಲಿನ ಬೆಲೆ ನೂರುಗಳಲ್ಲಿ, ಕೊಳವೆಯ ಬೆಲೆ ಸಾವಿರಗಳಲ್ಲಿ, ಆಸ್ಪತ್ರೆಯ ಖರ್ಚು ಲಕ್ಷಗಳಲ್ಲಿ. ಮೊದಲನೆಯದರಲ್ಲೇ ಮುಗಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಈ ಸಂಜೆ ಮನೆಗೆ ಹೋದ ಕೂಡಲೇ ಒಂದು ಒಣ ಬಟ್ಟೆ ತೆಗೆದುಕೊಂಡು ನಿಮ್ಮ ಗಾಡಿಯ ಮುಂಗಾಲನ್ನು ಒರೆಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.